ಅಕ್ಷರವೋ ಸ್ಥಾನವೋ: ಬ್ರೌಸರಿನಲ್ಲಿ ಸ್ಥಗಿತಗೊಳ್ಳುವ ಶಾರ್ಟ್‌ಕಟ್‌ಗಳ ಹಿಂದಿನ ಲಿಪಿಚರಿತ್ರೆ

1. ಪ್ರಶ್ನೆಯ ಸ್ವರೂಪ

ಕನ್ನಡ ಕೀಲಿವಿನ್ಯಾಸವನ್ನು ಚಾಲನೆಯಲ್ಲಿಟ್ಟುಕೊಂಡು ಬ್ರೌಸರಿನಲ್ಲಿ ಕೆಲಸ ಮಾಡುವವರಿಗೆ ಒಂದು ತೊಡಕು ಪರಿಚಿತವಾದದ್ದು. ಇಂಗ್ಲಿಷ್ ವಿನ್ಯಾಸವಿದ್ದಾಗ ಸರಿಯಾಗಿ ನಡೆಯುತ್ತಿದ್ದ ಶಾರ್ಟ್‌ಕಟ್, ವಿನ್ಯಾಸವನ್ನು ಕನ್ನಡಕ್ಕೆ ಬದಲಿಸಿದೊಡನೆ ಕೆಲವು ಪುಟಗಳಲ್ಲಿ ಸ್ಥಗಿತಗೊಳ್ಳುತ್ತದೆ. ಕೀಲಿಮಣೆ ಕೆಟ್ಟಿರುವುದಿಲ್ಲ, ಬೆರಳು ತಪ್ಪಿರುವುದಿಲ್ಲ. ಒತ್ತಿದ ಕೀಲಿಯೂ ಅದೇ, ಪುಟವೂ ಅದೇ. ಬದಲಾಗಿರುವುದು ಲಿಪಿಯೊಂದೇ. ಧ್ವನಿಮುದ್ರಣವನ್ನು ಆಲಿಸುತ್ತ ಬ್ರೌಸರಿನಲ್ಲಿಯೇ ಲಿಪ್ಯಂತರಣ ಮಾಡುವ ಸಂಶೋಧನಾ ವಿದ್ಯಾರ್ಥಿಗೆ ಇದು ಸಣ್ಣ ಅಡಚಣೆಯಲ್ಲ. ಪ್ರತಿ ವಾಕ್ಯಕ್ಕೂ ಧ್ವನಿಯನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕಾಗುತ್ತದೆ. ಆ ಎರಡು ಆಜ್ಞೆಗಳಿಗಾಗಿ ಪ್ರತಿ ಸಲವೂ ವಿನ್ಯಾಸವನ್ನು ಇಂಗ್ಲಿಷಿಗೆ ತಂದು ಮರಳಿ ಕನ್ನಡಕ್ಕೆ ಒಯ್ಯಬೇಕಾದರೆ ಕೆಲಸದ ಲಯವೇ ಒಡೆಯುತ್ತದೆ.

ಈ ವೈಫಲ್ಯವನ್ನು ಸಾಮಾನ್ಯವಾಗಿ ತಂತ್ರಾಂಶದ ದೋಷವೆಂದು ಬಗೆದು ಬಿಡಲಾಗುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಅದನ್ನು ಸಂಕೇತದ ಸಮಸ್ಯೆಯಾಗಿ ಪರಿಶೀಲಿಸಲು ಬಯಸುತ್ತೇವೆ. ಕಂಟ್ರೋಲ್ ಕೀಲಿಯೊಡನೆ ‘ಸಿ’ ಒತ್ತಬೇಕೆಂದು ಹೇಳುವಾಗ ‘ಸಿ’ ಎಂಬುದು ಒಂದು ಅಕ್ಷರದ ಹೆಸರೋ, ಕೀಲಿಮಣೆಯ ಮೇಲಿನ ಒಂದು ಸ್ಥಾನದ ಹೆಸರೋ? ಲ್ಯಾಟಿನ್ ಲಿಪಿಯ ಅಮೆರಿಕನ್ ಕೀಲಿಮಣೆಯಲ್ಲಿ ಈ ಎರಡೂ ಒಂದೇ ಆಗಿದ್ದುದರಿಂದ ಬಹುಕಾಲ ಈ ಪ್ರಶ್ನೆ ಏಳಲೇ ಇಲ್ಲ. ಇತರ ಲಿಪಿಗಳು ಅದೇ ಕೀಲಿಗಳ ಮೇಲೆ ನೆಲೆಸಿದಾಗ ಅವೆರಡೂ ಬೇರ್ಪಟ್ಟವು. ಶಾರ್ಟ್‌ಕಟ್ ಸ್ಥಗಿತಗೊಳ್ಳುವುದು ಈ ಬಿರುಕಿನಲ್ಲಿ ಎಂಬುದು ನಮ್ಮ ವಾದ.

2. ಅಕ್ಷರದ ಕ್ರಮಾಂಕವೇ ಆಜ್ಞೆಯಾಗಿದ್ದ ಕಾಲ

ಕಂಟ್ರೋಲ್ ಕೀಲಿಯ ಇತಿಹಾಸ ಬ್ರೌಸರಿಗಿಂತ ಮೂರು ದಶಕ ಹಳೆಯದು. 1963ರಲ್ಲಿ ಪ್ರಕಟವಾದ ಆಸ್ಕಿ ಸಂಕೇತಾವಳಿಯಲ್ಲಿ ಮೊದಲ 32 ಸ್ಥಾನಗಳು ಮುದ್ರಣಗೊಳ್ಳುವ ಅಕ್ಷರಗಳಿಗಲ್ಲ, ಯಂತ್ರಕ್ಕೆ ಕೊಡುವ ಸೂಚನೆಗಳಿಗೆ ಮೀಸಲಾಗಿದ್ದವು. ದೂರಮುದ್ರಕದಲ್ಲಿ ಕಂಟ್ರೋಲ್ ಒತ್ತಿ ಒಂದು ಅಕ್ಷರವನ್ನು ಒತ್ತಿದರೆ ಆ ಅಕ್ಷರದ ಸಂಖ್ಯೆಯಿಂದ 64 ಕಳೆದು ಉಳಿದ ಸೂಚನೆ ರವಾನೆಯಾಗುತ್ತಿತ್ತು. ‘ಜಿ’ ಅಕ್ಷರದ ಸಂಖ್ಯೆ 71. ಕಂಟ್ರೋಲ್ ಜೊತೆ ಅದು 7 ಆಗಿ ಗಂಟೆ ಬಾರಿಸುತ್ತಿತ್ತು. 77ನೆಯ ‘ಎಂ’ 13 ಆಗಿ ಮುದ್ರಣದ ಬಂಡಿಯನ್ನು ಸಾಲಿನ ಆರಂಭಕ್ಕೆ ತರುತ್ತಿತ್ತು. 67ನೆಯ ‘ಸಿ’ 3 ಆಗಿ ಪಠ್ಯ ಮುಗಿಯಿತೆಂದು ಸಾರುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅಕ್ಷರಕ್ಕೂ ಆಜ್ಞೆಗೂ ಇದ್ದ ಸಂಬಂಧ ಶಬ್ದಮೂಲದ್ದಾಗಿರಲಿಲ್ಲ. ‘ಜಿ’ ಗಂಟೆಯನ್ನು ಬಾರಿಸುತ್ತಿದ್ದುದು ಗಂಟೆಯ ಇಂಗ್ಲಿಷ್ ಹೆಸರಿನಲ್ಲಿ ಆ ಅಕ್ಷರವಿದೆಯೆಂದಲ್ಲ. ವರ್ಣಮಾಲೆಯಲ್ಲಿ ಅದು ಏಳನೆಯದು ಎಂಬ ಕಾರಣಕ್ಕೆ. ಆಜ್ಞೆಯ ಆಧಾರ ಲ್ಯಾಟಿನ್ ವರ್ಣಮಾಲೆಯ ಅನುಕ್ರಮವಾಗಿತ್ತು. ಯೂನಿಕೋಡಿನಲ್ಲಿ ಕನ್ನಡದ ‘ಮ’ದ ಸಂಖ್ಯೆ 3246. ಅದರಿಂದ 64 ಕಳೆದರೆ ಯಾವ ಆಜ್ಞೆಯೂ ದೊರೆಯುವುದಿಲ್ಲ. ಅಂದರೆ ಕಂಟ್ರೋಲ್ ಕೀಲಿಯ ಮೂಲ ವ್ಯಾಕರಣದಲ್ಲಿ ಬೇರೊಂದು ಲಿಪಿಗೆ ಸ್ಥಾನ ನಿರಾಕರಿಸಲ್ಪಟ್ಟಿತು ಎನ್ನುವುದಕ್ಕಿಂತ, ಅಂಥ ಲಿಪಿಯೊಂದು ಬರಬಹುದೆಂಬ ಊಹೆಯೇ ಅದರಲ್ಲಿರಲಿಲ್ಲ ಎನ್ನುವುದು ಹೆಚ್ಚು ಸರಿ.

3. ನೆನಪಿನ ಅಕ್ಷರ ಮತ್ತು ನೆರೆಹೊರೆಯ ಅಕ್ಷರ

ಎರಡನೆಯ ಘಟ್ಟ 1970ರ ದಶಕದ ನಡುವೆ ಆರಂಭವಾಗುತ್ತದೆ. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಎಂಬ ಪಠ್ಯಸಂಪಾದಕವನ್ನು ರೂಪಿಸಿದರು. ಕತ್ತರಿಸುವುದು, ನಕಲಿಸುವುದು, ಅಂಟಿಸುವುದು ಎಂಬ ಮೂರು ಕ್ರಿಯೆಗಳು ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದು ಅಲ್ಲಿಂದ. ಆಪಲ್ ಸಂಸ್ಥೆ 1983ರಲ್ಲಿ ಹೊರತಂದ ಲೀಸಾ ಗಣಕದಲ್ಲಿ ಈ ಕ್ರಿಯೆಗಳು ಝಡ್, ಎಕ್ಸ್, ಸಿ, ವಿ ಎಂಬ ಕೀಲಿಗಳ ಮೇಲೆ ನೆಲೆಗೊಂಡವು. ಝಡ್ ಹಿಂದಿನ ಕ್ರಿಯೆಯನ್ನು ರದ್ದುಗೊಳಿಸುವ ಕೀಲಿ.

ಈ ನಾಲ್ಕರ ರಚನೆಯನ್ನು ಬಿಡಿಸಿ ನೋಡಿದರೆ ಎರಡು ತತ್ತ್ವಗಳು ಕಾಣುತ್ತವೆ. ‘ಸಿ’ ಮಾತ್ರ ತನ್ನ ಕ್ರಿಯೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಉಳಿದ ಮೂರು ಅದರ ನೆರೆಯವು. ಕೆಳಸಾಲಿನ ಎಡತುದಿಯಲ್ಲಿ ಒತ್ತಾಗಿ ಕುಳಿತಿರುವುದರಿಂದ ಒಂದೇ ಕೈಗೆ ಎಟಕುವಂಥವು. ಅಂದರೆ ಒಂದು ಅಕ್ಷರಮೂಲದ್ದು, ಮೂರು ಸ್ಥಾನಮೂಲದವು. ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್‌ನ ವರ್ಗೀಕರಣದಲ್ಲಿ ಹೇಳುವುದಾದರೆ ಮೊದಲನೆಯದು ರೂಢಿಯಿಂದ ಅರ್ಥಪಡೆವ ಸಂಕೇತ. ಉಳಿದವು ಬೆರಳಿಟ್ಟು ತೋರಿಸುವ ಸೂಚಿಗಳು, ‘ಇಲ್ಲಿ’, ‘ಅದರ ಪಕ್ಕದಲ್ಲಿ’ ಎಂಬ ನಿರ್ದೇಶಕ ಪದಗಳ ಜಾತಿಗೆ ಸೇರಿದವು.

ಇದೇ ದ್ವಂದ್ವ ‘ವಿಐ’ ಸಂಪಾದಕದಲ್ಲಿಯೂ ಇದೆ. ಬಿಲ್ ಜಾಯ್ ಅದನ್ನು ರೂಪಿಸುವಾಗ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣಗುರುತುಗಳಿದ್ದವು. ಆದ್ದರಿಂದ ಆ ನಾಲ್ಕು ಕೀಲಿಗಳು ಕರ್ಸರನ್ನು ಸರಿಸುವ ಆಜ್ಞೆಗಳಾದವು. ಅಳಿಸುವ ಆಜ್ಞೆಯಾದರೋ ಇಂಗ್ಲಿಷ್ ಪದದ ಮೊದಲಕ್ಷರವಾದ ‘ಡಿ’. ಮುಂದೆ ಜಿಮೇಲ್‌ನಂತಹ ಅಂಚೆಪುಟಗಳು ಮುಂದಿನ ಪತ್ರಕ್ಕೆ ‘ಜೆ’, ಹಿಂದಿನದಕ್ಕೆ ‘ಕೆ’ ಎಂಬ ವ್ಯವಸ್ಥೆಯನ್ನು ಇರಿಸಿಕೊಂಡಾಗ ಟರ್ಮಿನಲ್ಲಿನ ಬಾಣಗಳು ಮಾಯವಾಗಿದ್ದವು. ಕೀಲಿಗಳ ಸ್ಥಾನ ಮಾತ್ರ ಉಳಿದಿತ್ತು. ವ್ಯುತ್ಪತ್ತಿ ಮರೆತರೂ ರೂಪ ಉಳಿಯುವ ಪ್ರಕ್ರಿಯೆ ಭಾಷಾವಿಜ್ಞಾನಿಗಳಿಗೆ ಹೊಸದಲ್ಲ.

4. ಅದೇ ಕೀಲಿಗಳ ಮೇಲೆ ಕನ್ನಡ

ಭಾರತೀಯ ಲಿಪಿಗಳಿಗೆ ಸಮಾನವಾದ ಇನ್‌ಸ್ಕ್ರಿಪ್ಟ್ ವಿನ್ಯಾಸ 1980ರ ದಶಕದಲ್ಲಿ ರೂಪುಗೊಂಡು, 1991ರ ಭಾರತೀಯ ಮಾನಕ 13194ರಲ್ಲಿ ಸೇರ್ಪಡೆಯಾಯಿತು. ಎಡಗೈಗೆ ಸ್ವರಗಳು, ಬಲಗೈಗೆ ಬಹುಪಾಲು ವ್ಯಂಜನಗಳು ಎಂಬುದು ಅದರ ತಳಹದಿ. ಈ ಹಂಚಿಕೆಯಲ್ಲಿ ‘ಸಿ’ ಕೀಲಿಗೆ ಮ, ‘ವಿ’ಗೆ ನ, ‘ಎಕ್ಸ್’ಗೆ ಅನುಸ್ವಾರ, ‘ಎಫ್’ಗೆ ಇಕಾರದ ಚಿಹ್ನೆ, ‘ಜೆ’ಗೆ ರ, ‘ಕೆ’ಗೆ ಕ ಬರುತ್ತವೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ನೆಲೆ ಬೇರೆ. ಅದು ಉಚ್ಚಾರಣೆಯ ಸಾಮ್ಯವನ್ನು ಅನುಸರಿಸುತ್ತದೆ: ‘ಕೆ’ಗೆ ಕ, ‘ಎನ್’ಗೆ ನ, ‘ಎಂ’ಗೆ ಮ. ನುಡಿ ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲಿ ರೂಢಿಯಾದದ್ದು ಈ ಮಾರ್ಗ.

ಕನ್ನಡದ ಕ್ರಿಯಾಪದಗಳಿಂದಲೇ ಶಾರ್ಟ್‌ಕಟ್‌ಗಳನ್ನು ಕಟ್ಟಬಹುದೇ ಎಂದು ಪರೀಕ್ಷಿಸಿದರೆ ಸಮಸ್ಯೆಯ ಆಳ ತಿಳಿಯುತ್ತದೆ. ‘ನಕಲಿಸು’ ಎಂಬುದಕ್ಕೆ ‘ನ’ವನ್ನು ಆರಿಸಿದೆವೆನ್ನೋಣ. ಇನ್‌ಸ್ಕ್ರಿಪ್ಟ್‌ನಲ್ಲಿ ‘ನ’ ಇರುವುದು ‘ವಿ’ ಕೀಲಿಯ ಮೇಲೆ. ಜಗತ್ತಿನಾದ್ಯಂತ ಅದು ಅಂಟಿಸುವ ಕೀಲಿ. ರಾವ್ ವಿನ್ಯಾಸದಲ್ಲಿ ‘ನ’ ಇರುವ ‘ಎನ್’ ಕೀಲಿ ಬ್ರೌಸರಿನಲ್ಲಿ ಹೊಸ ಕಿಟಕಿಯನ್ನು ತೆರೆಯುತ್ತದೆ. ‘ಅಂಟಿಸು’ ಎಂಬುದರ ‘ಅ’ ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಇಲ್ಲದೆ ಮೂಡದು. ‘ಮುದ್ರಿಸು’ ಎಂಬುದರ ಮೊದಲಕ್ಷರ ‘ಮು’. ಕನ್ನಡ ಓದುಗನಿಗೆ ಅದು ಒಂದೇ ಅಕ್ಷರ, ಕೀಲಿಮಣೆಗೆ ಎರಡು ಒತ್ತು. ಅಕ್ಷರವೆಂಬ ಘಟಕ ಕನ್ನಡದಲ್ಲಿ ಮತ್ತು ಲ್ಯಾಟಿನ್‌ನಲ್ಲಿ ಒಂದೇ ಅಲ್ಲವಾದ್ದರಿಂದ ‘ಮೊದಲಕ್ಷರದಿಂದ ಆಜ್ಞೆ’ ಎಂಬ ಸೂತ್ರ ಅನುವಾದಗೊಳ್ಳುವುದಿಲ್ಲ. ‘ಎಫ್’ ಕೀಲಿಯ ಮೇಲಿನ ಇಕಾರದ ಚಿಹ್ನೆಯಾದರೋ ವ್ಯಂಜನದ ಆಶ್ರಯವಿಲ್ಲದೆ ಬರೆಹದಲ್ಲಿ ನಿಲ್ಲುವುದೇ ಇಲ್ಲ.

ಕನ್ನಡೀಕರಣಗೊಂಡ ತಂತ್ರಾಂಶಗಳ ಪರಿವಿಡಿಗಳು ಈ ಸೋಲನ್ನು ಮೌನವಾಗಿ ಒಪ್ಪಿಕೊಂಡಿವೆ. ಗ್ನೋಮ್‌ನ ಕನ್ನಡ ಅನುವಾದಗಳಲ್ಲಿ ‘ಕಡತ’ ಎಂಬ ಪದದ ಪಕ್ಕದಲ್ಲಿ ಆವರಣದೊಳಗೆ ಲ್ಯಾಟಿನ್ ‘ಎಫ್’ ಕುಳಿತಿರುವುದನ್ನು ಕಾಣಬಹುದು. ಅಲ್ಲಿ ಕನ್ನಡ ಓದಿಸಿಕೊಳ್ಳುತ್ತದೆ, ಲ್ಯಾಟಿನ್ ಆಜ್ಞಾಪಿಸುತ್ತದೆ. ಒಂದೇ ಸಾಲಿನಲ್ಲಿ ಎರಡು ಲಿಪಿಗಳು ಕೆಲಸ ಹಂಚಿಕೊಂಡಿವೆ.

5. ಮೂರು ಹೊಂದಾಣಿಕೆಗಳು

ಹಾಗಿದ್ದರೂ ಕನ್ನಡ ವಿನ್ಯಾಸದಲ್ಲಿ ಕಂಟ್ರೋಲ್ ಮತ್ತು ‘ಸಿ’ ಒತ್ತಿದಾಗ ಬಹುತೇಕ ಸಂದರ್ಭಗಳಲ್ಲಿ ನಕಲು ಆಗಿಯೇ ಆಗುತ್ತದೆ. ಅದು ಹೇಗೆ? ಕಾರ್ಯಾಚರಣ ವ್ಯವಸ್ಥೆಗಳು ಬೇರೆಬೇರೆ ಉಪಾಯಗಳನ್ನು ಹೂಡಿವೆ. ವಿಂಡೋಸ್ ಪ್ರತಿ ಕೀಲಿಗೂ ಮೂಡುವ ಅಕ್ಷರದಿಂದ ಪ್ರತ್ಯೇಕವಾದ ಒಂದು ಗುಪ್ತನಾಮವನ್ನು ಕೊಡುತ್ತದೆ. ಕನ್ನಡ ವಿನ್ಯಾಸದಲ್ಲಿ ಕೀಲಿ ‘ಮ’ವನ್ನು ಮೂಡಿಸಿದರೂ ಅದರ ಗುಪ್ತನಾಮ ‘ಸಿ’ ಆಗಿಯೇ ಉಳಿಯುತ್ತದೆ. ಮ್ಯಾಕ್ ಗಣಕಗಳ ಹಲವು ಅನ್ಯಲಿಪಿ ವಿನ್ಯಾಸಗಳಲ್ಲಿ ಕಮಾಂಡ್ ಕೀಲಿ ಒತ್ತಿರುವಷ್ಟು ಹೊತ್ತು ಕೀಲಿಮಣೆ ಲ್ಯಾಟಿನ್‌ಗೆ ಮರಳುತ್ತದೆ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಆ ಕ್ಷಣದ ವಿನ್ಯಾಸದ ಅಕ್ಷರವೇ ತಂತ್ರಾಂಶಕ್ಕೆ ತಲುಪುತ್ತದೆ. ಬಳಕೆದಾರನ ಪಟ್ಟಿಯಲ್ಲಿ ಲ್ಯಾಟಿನ್ ವಿನ್ಯಾಸವೂ ಇದ್ದರೆ ತಂತ್ರಾಂಶ ಅದರಲ್ಲಿ ಹುಡುಕಿ ‘ಸಿ’ಯನ್ನು ಕಂಡುಕೊಳ್ಳುತ್ತದೆ. ಕನ್ನಡವೊಂದನ್ನೇ ಇರಿಸಿಕೊಂಡ ಗಣಕದಲ್ಲಿ ಈ ಹುಡುಕಾಟಕ್ಕೆ ಆಸರೆಯಿರುವುದಿಲ್ಲ.

ಮೂರೂ ಉಪಾಯಗಳ ಸಾಮಾನ್ಯ ಲಕ್ಷಣ ಒಂದೇ: ಆಜ್ಞೆಯ ಕ್ಷಣದಲ್ಲಿ ಕನ್ನಡವನ್ನು ಬದಿಗಿರಿಸುವುದು. ಇದನ್ನು ನಾವು ಕೇವಲ ಅನ್ಯಾಯವೆಂದು ಓದುತ್ತಿಲ್ಲ. ಕನ್ನಡ ಬಳಕೆದಾರನಿಗೆ ಕಂಟ್ರೋಲ್-ಸಿ ಎಂಬುದು ಇಂಗ್ಲಿಷ್ ಪದದ ಸಂಕ್ಷೇಪವಾಗಿ ಉಳಿದಿಲ್ಲ. ಬೆರಳು ಕಲಿತ ಒಂದು ಜಾಗವಾಗಿದೆ. ಆದ್ದರಿಂದ ಸ್ಥಾನವನ್ನು ಉಳಿಸಿಕೊಡುವ ವ್ಯವಸ್ಥೆ ಅವನ ರೂಢಿಗೆ ಹೊಂದುತ್ತದೆ. ತೊಂದರೆ ಎದುರಾಗುವುದು ಈ ಹೊಂದಾಣಿಕೆ ಬ್ರೌಸರಿನೊಳಗಿನ ಪುಟವನ್ನು ತಲುಪದಿದ್ದಾಗ.

6. ಪುಟಕ್ಕೆ ಏನು ಕೇಳಿಸುತ್ತದೆ

ಪುಟದ ಲೇಖಕನು ಕೀಲಿ ಒತ್ತಿದ್ದನ್ನು ಆಲಿಸುವ ಅವಕಾಶ 1997ರ ಸುಮಾರಿಗೆ, ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಳ ನಾಲ್ಕನೆಯ ಆವೃತ್ತಿಗಳಲ್ಲಿ ದೊರೆಯಿತು. ಎರಡೂ ತಮ್ಮತಮ್ಮ ರೀತಿಯಲ್ಲಿ ಒಂದು ಸಂಖ್ಯೆಯನ್ನು ಒದಗಿಸುತ್ತಿದ್ದವು. ಆ ಸಂಖ್ಯೆ ಅಕ್ಷರವನ್ನು ಹೇಳುತ್ತದೆಯೋ ಕೀಲಿಯನ್ನು ಹೇಳುತ್ತದೆಯೋ ಎಂಬುದನ್ನು ಯಾವ ಮಾನಕವೂ ನಿರ್ಧರಿಸಿರಲಿಲ್ಲ. 2000ದಲ್ಲಿ ಜಾಗತಿಕ ಜಾಲ ಒಕ್ಕೂಟ ಪುಟದ ಘಟನೆಗಳಿಗೆ ಮಾನಕವನ್ನು ಹೊರಡಿಸಿದಾಗ ಕೀಲಿಮಣೆಯನ್ನು ಅದರಿಂದ ಕೈಬಿಟ್ಟಿತ್ತು. ಈ ಅನಿರ್ಧಾರದ ಅವಧಿಯಲ್ಲಿಯೇ ಅಸಂಖ್ಯ ಪುಟಗಳು ಬರೆಯಲ್ಪಟ್ಟವು.

ಬಳಿಕದ ಮಾನಕ ಆ ಹಳೆಯ ಸಂಖ್ಯೆಯನ್ನು ಲೆಕ್ಕಹಾಕುವ ಕ್ರಮವನ್ನು ದಾಖಲಿಸಿದೆ. ಮೊದಲು ಕಾರ್ಯಾಚರಣ ವ್ಯವಸ್ಥೆಯ ಗುಪ್ತನಾಮವನ್ನು ಕೇಳಬೇಕು. ಬಳಿಕ, ಕೀಲಿ ಲ್ಯಾಟಿನ್ ಅಂಕಿಯನ್ನೋ ‘ಎ’ಯಿಂದ ‘ಝಡ್’ವರೆಗಿನ ಅಕ್ಷರವನ್ನೋ ಮೂಡಿಸುವುದಾದರೆ ಅದರ ಆಸ್ಕಿ ಸಂಖ್ಯೆ. ಇಲ್ಲವಾದರೆ ವ್ಯವಸ್ಥೆಗೊಂದು ಪರಿವರ್ತನಾ ಕೋಷ್ಟಕ. ಅದೂ ಇಲ್ಲವಾದರೆ ಕೇಳಿ ಪಡೆದ ಗುಪ್ತನಾಮವೇ. ಯಾವುದೂ ದೊರೆಯದಿದ್ದರೆ, ಕೊನೆಗೆ, ಸೊನ್ನೆ. ‘ಮ’ ಈ ಮೆಟ್ಟಿಲುಗಳನ್ನು ಇಳಿಯುತ್ತ ಹೋಗುವಾಗ ಅದರ ಗತಿ ಸಂಪೂರ್ಣವಾಗಿ ಕೆಳಗಿರುವ ವ್ಯವಸ್ಥೆಯ ಔದಾರ್ಯವನ್ನು ಅವಲಂಬಿಸಿದೆ. ಒಂದು ಗಣಕದಲ್ಲಿ ನಡೆದ ಶಾರ್ಟ್‌ಕಟ್ ಇನ್ನೊಂದರಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ.

2010ರ ದಶಕದ ನಡುವೆ ಬ್ರೌಸರುಗಳು ಅನುಷ್ಠಾನಕ್ಕೆ ತಂದ ಹೊಸ ಮಾನಕ ಬೆಸೆದಿದ್ದ ಎರಡನ್ನು ಬಿಡಿಸಿತು. ಈಗ ಪುಟಕ್ಕೆ ಎರಡು ಪ್ರತ್ಯೇಕ ಮಾಹಿತಿಗಳು ದೊರೆಯುತ್ತವೆ: ಮೂಡಿದ ಅಕ್ಷರ ಯಾವುದು, ಒತ್ತಿದ ಸ್ಥಾನ ಯಾವುದು. ಇನ್‌ಸ್ಕ್ರಿಪ್ಟ್‌ನಲ್ಲಿ ಅಕ್ಷರ ‘ಮ’, ಸ್ಥಾನ ‘ಸಿ-ಕೀಲಿ’. ಆದರೆ ಸ್ಥಾನದ ಹೆಸರೂ ಅಮೆರಿಕನ್ ವಿನ್ಯಾಸದಿಂದಲೇ ಬಂದದ್ದು. ಫ್ರಾನ್ಸಿನ ಕೀಲಿಮಣೆಯಲ್ಲಿ ಝಡ್ ಮತ್ತು ಡಬ್ಲ್ಯು ಪರಸ್ಪರ ಸ್ಥಾನ ಬದಲಿಸಿಕೊಂಡಿವೆ. ಅಲ್ಲಿ ಸ್ಥಾನವನ್ನೇ ನಂಬಿದ ಪುಟ, ಡಬ್ಲ್ಯು ಎಂದು ಬರೆದಿರುವ ಕೀಲಿಯನ್ನು ಝಡ್ ಎಂದು ತಿಳಿಯುತ್ತದೆ. ಅಕ್ಷರವನ್ನೇ ನಂಬಿದರೆ ಕನ್ನಡಿಗನಿಗೆ ತೊಂದರೆ, ಸ್ಥಾನವನ್ನೇ ನಂಬಿದರೆ ಫ್ರೆಂಚನಿಗೆ ತೊಂದರೆ. ರಷ್ಯನ್ ವಿನ್ಯಾಸ ಇನ್ನೂ ಸೂಕ್ಷ್ಮವಾದ ಸಾಕ್ಷ್ಯ ಒದಗಿಸುತ್ತದೆ. ಅಲ್ಲಿ ‘ಸಿ’ ಕೀಲಿಯ ಮೇಲೆ ಇರುವ ಸಿರಿಲಿಕ್ ಅಕ್ಷರ ಕಣ್ಣಿಗೆ ಲ್ಯಾಟಿನ್ ‘ಸಿ’ಯಂತೆಯೇ ಕಾಣುತ್ತದೆ, ಉಚ್ಚಾರ ‘ಸ’. ಸ್ಥಾನ ಒಂದೇ, ಆಕಾರ ಒಂದೇ. ಯೂನಿಕೋಡ್ ಸಂಖ್ಯೆ ಮಾತ್ರ ಬೇರೆ. ಅಕ್ಷರವನ್ನು ಹೋಲಿಸುವ ಪುಟ ಅದನ್ನು ಗುರುತಿಸುವುದಿಲ್ಲ.

7. ದೋಷಪತ್ತೆಗೆ ಕನಿಷ್ಠ ಯುಗ್ಮದ ವಿಧಾನ

ಎಲ್ಲ ವೈಫಲ್ಯಗಳೂ ಲಿಪಿಯಿಂದಲೇ ಆದವಲ್ಲ. ಒತ್ತಿದ ಕೀಲಿ ಕಾರ್ಯಾಚರಣ ವ್ಯವಸ್ಥೆ, ಲಿಪಿಪೂರಕ ತಂತ್ರಾಂಶ, ಬ್ರೌಸರ್, ಅದರ ವಿಸ್ತರಣೆಗಳು, ಪುಟ ಎಂಬ ಹಲವು ಶ್ರೋತೃಗಳನ್ನು ಹಾದು ಬರುತ್ತದೆ. ನಡುವೆ ಯಾರಾದರೂ ಅದನ್ನು ತನಗೇ ಹೇಳಿದ್ದೆಂದು ಸ್ವೀಕರಿಸಿದರೆ ಮುಂದಿನವರಿಗೆ ತಲುಪದು. ಬರಹ ತಂತ್ರಾಂಶದಲ್ಲಿ ಭಾಷೆ ಬದಲಿಸಲು ಬಳಕೆಯಾದ ಎಫ್11 ಕೀಲಿ ವಿಂಡೋಸ್ ಬ್ರೌಸರುಗಳಲ್ಲಿ ಪೂರ್ಣಪರದೆಯ ಆಜ್ಞೆಯೂ ಹೌದು. ನುಡಿಯ ಬಳಕೆದಾರರು ಅವಲಂಬಿಸಿದ ಸ್ಕ್ರಾಲ್ ಲಾಕ್ ಕೀಲಿ ಇಂದಿನ ಹಲವು ಲ್ಯಾಪ್‌ಟಾಪುಗಳಲ್ಲಿ ಇಲ್ಲವೇ ಇಲ್ಲ. ಯುನಿಕ್ಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಓಡುತ್ತಿರುವ ಕಾರ್ಯವನ್ನು ತಡೆಯುತ್ತದೆ. ಆದ್ದರಿಂದ ಲಿನಕ್ಸ್ ಟರ್ಮಿನಲ್‌ಗಳಲ್ಲಿ ನಕಲಿಸಲು ಶಿಫ್ಟನ್ನೂ ಸೇರಿಸುವ ರೂಢಿ ಬಂತು. ಅದೇ ಸಂಯೋಜನೆ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಪುಟದ ರಚನೆಯನ್ನು ಪರಿಶೀಲಿಸುವ ಉಪಕರಣವನ್ನು ತೆರೆಯುತ್ತದೆ. ಸಮರೂಪಿ ಪದಗಳಂತೆ ಇವು ಸಮರೂಪಿ ಆಜ್ಞೆಗಳು. ಅರ್ಥವನ್ನು ನಿರ್ಧರಿಸುವುದು ಸಂದರ್ಭ.

ಇಂತಹ ಸ್ಥಿತಿಯಲ್ಲಿ ಕಾರಣವನ್ನು ಗೊತ್ತುಪಡಿಸಲು ಧ್ವನಿಮಾಶಾಸ್ತ್ರದ ಪರಿಚಿತ ವಿಧಾನವೇ ಸಾಕು. ‘ಕರಿ’, ‘ಗರಿ’ಗಳಲ್ಲಿ ಒಂದೇ ಧ್ವನಿಯನ್ನು ಬದಲಿಸಿ ಉಳಿದುದನ್ನು ಸ್ಥಿರವಾಗಿಡುವಂತೆ, ಇಲ್ಲಿಯೂ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಮೊದಲನೆಯದಾಗಿ, ಪುಟ ಮತ್ತು ಕೀಲಿಯನ್ನು ಹಾಗೆಯೇ ಇಟ್ಟು ವಿನ್ಯಾಸವನ್ನು ಮಾತ್ರ ಇಂಗ್ಲಿಷಿಗೆ ತರಬೇಕು. ಆಗ ಶಾರ್ಟ್‌ಕಟ್ ನಡೆದರೆ ಪುಟ ಅಕ್ಷರವನ್ನು ಹೋಲಿಸುತ್ತಿದೆ ಎಂಬುದು ಬಹುಮಟ್ಟಿಗೆ ಖಚಿತ. ಎರಡನೆಯದಾಗಿ, ವಿನ್ಯಾಸವನ್ನು ಹಾಗೆಯೇ ಇಟ್ಟು ಕರ್ಸರನ್ನು ಬರೆಯುವ ಚೌಕದಿಂದ ಹೊರತಂದು ಪುಟದ ಖಾಲಿ ಭಾಗದಲ್ಲಿ ಕ್ಲಿಕ್ ಮಾಡಬೇಕು. ಆಗ ನಡೆದರೆ ಕೀಲಿ ಪಠ್ಯವಾಗಿ ಬಳಕೆಯಾಗುತ್ತಿತ್ತು ಎಂದರ್ಥ. ಮೂರನೆಯದಾಗಿ, ವಿಸ್ತರಣೆಗಳನ್ನು ನಿಷ್ಕ್ರಿಯಗೊಳಿಸಿ ಅದೇ ಪುಟವನ್ನು ತೆರೆಯಬೇಕು. ನಾಲ್ಕನೆಯದಾಗಿ, ಅದೇ ಕೀಲಿಯನ್ನು ಬೇರೊಂದು ಬ್ರೌಸರಿನಲ್ಲಿ ಒತ್ತಬೇಕು; ಅಲ್ಲಿಯೂ ನಡೆಯದಿದ್ದರೆ ಕಾರಣವನ್ನು ಕಾರ್ಯಾಚರಣ ವ್ಯವಸ್ಥೆಯಲ್ಲಿಯೋ ಲಿಪಿಪೂರಕದಲ್ಲಿಯೋ ಹುಡುಕಬೇಕು.

ಐದನೆಯ ಸಾಧ್ಯತೆಯೊಂದು ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ಲಿಪ್ಯಂತರಣ ಮಾದರಿಯ ಲಿಪಿಪೂರಕಗಳಲ್ಲಿ ಹಲವು ಒತ್ತುಗಳು ಕೂಡಿ ಒಂದು ಪದವಾಗುವ ತನಕ ಪಠ್ಯ ಸಂಯೋಜನಾ ಸ್ಥಿತಿಯಲ್ಲಿರುತ್ತದೆ. ಆ ಅವಧಿಯಲ್ಲಿ ಹಳೆಯ ಸಂಖ್ಯೆಯನ್ನು ಕೇಳುವ ಪುಟಕ್ಕೆ ಒತ್ತಿದ ಕೀಲಿ ಯಾವುದಾದರೂ 229 ಎಂಬ ಒಂದೇ ಉತ್ತರ ದೊರೆಯುತ್ತದೆ. ಭೇದವೆಲ್ಲ ಲುಪ್ತವಾಗುವ ಈ ತಟಸ್ಥೀಕರಣವನ್ನು ಅರಿಯದ ಪುಟ ಆಜ್ಞೆಯನ್ನು ಗುರುತಿಸಲಾರದು. ಪದವನ್ನು ಪೂರ್ಣಗೊಳಿಸಿದ ಮೇಲೆ ಶಾರ್ಟ್‌ಕಟ್ ನಡೆದರೆ ಕಾರಣ ಇದೇ.

8. ಸಮಾರೋಪ

ಶಾರ್ಟ್‌ಕಟ್‌ಗಳಲ್ಲಿ ಎರಡು ವರ್ಗಗಳಿವೆ. ಝಡ್, ಎಕ್ಸ್, ಸಿ, ವಿಗಳಂತೆ, ಜೆ, ಕೆಗಳಂತೆ ಬೆರಳಿನ ಜಾಗವಾಗಿ ಕಲಿತವು ಮೊದಲ ವರ್ಗ. ಸಹಾಯಕ್ಕೆ ಪ್ರಶ್ನಾರ್ಥಕ ಚಿಹ್ನೆ, ಹಿಗ್ಗಿಸಲು ಕೂಡಿಸುವ ಚಿಹ್ನೆ ಎಂಬಂತೆ ಮೂಡುವ ಚಿಹ್ನೆಯ ಅರ್ಥದಿಂದಲೇ ನಿಲ್ಲುವವು ಎರಡನೆಯ ವರ್ಗ. ಎರಡನೆಯದಕ್ಕೆ ಪುಟ ಅಕ್ಷರವನ್ನೇ ನೋಡಬೇಕು. ಮೊದಲನೆಯದಕ್ಕೆ ಅಕ್ಷರ ಲ್ಯಾಟಿನ್ ಆಗಿದ್ದರೆ ಅದನ್ನು, ಅನ್ಯಲಿಪಿಯದಾಗಿದ್ದರೆ ಸ್ಥಾನವನ್ನು ನೋಡಬೇಕು. ಆಗ ಫ್ರೆಂಚ್ ಕೀಲಿಮಣೆಯೂ ಕನ್ನಡ ಕೀಲಿಮಣೆಯೂ ಒಂದೇ ನಿಯಮದಡಿ ಬರುತ್ತವೆ. ವಿಮ್ ಸಂಪಾದಕದಲ್ಲಿ ಅನ್ಯಲಿಪಿಯ ಅಕ್ಷರಗಳನ್ನು ಆಜ್ಞೆಯ ಸಂದರ್ಭದಲ್ಲಿ ಮಾತ್ರ ಲ್ಯಾಟಿನ್‌ಗೆ ಹೊಂದಿಸುವ ಏರ್ಪಾಡು ಬಹುಕಾಲದಿಂದ ಇದೆ. 2018ರ ಜಾಲಪುಟ ಸುಗಮತಾ ಮಾರ್ಗಸೂಚಿ 2.1, ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳನ್ನು ನಿಲ್ಲಿಸುವ ಅಥವಾ ಬದಲಿಸುವ ಅವಕಾಶ ಇರಬೇಕು, ಇಲ್ಲವೇ ಆಯಾ ಘಟಕದ ಮೇಲೆ ಗಮನವಿದ್ದಾಗ ಮಾತ್ರ ಅವು ನಡೆಯಬೇಕು ಎನ್ನುತ್ತದೆ. ಮಾತಿನಿಂದ ಗಣಕ ನಡೆಸುವವರನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡ ಈ ನಿಯಮ ಪಾಲನೆಯಾದಲ್ಲಿ ಕನ್ನಡ ವಿನ್ಯಾಸದವರಿಗೂ ಪ್ರಯೋಜನವಿದೆ.

ಯೂನಿಕೋಡ್ ಕನ್ನಡಕ್ಕೆ ಪಠ್ಯದ ಪೌರತ್ವವನ್ನು ಕೊಟ್ಟಿತು. ಬರೆದದ್ದು ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ಆಜ್ಞೆಯ ವಲಯದಲ್ಲಿ ಮಾತ್ರ ಕನ್ನಡ ಇನ್ನೂ ಪಕ್ಕಕ್ಕೆ ಸರಿದು ನಿಲ್ಲಬೇಕಾದ ಲಿಪಿಯಾಗಿದೆ. ಇದನ್ನು ಸರಿಪಡಿಸಲು ಕನ್ನಡ ಮೊದಲಕ್ಷರಗಳ ಹೊಸ ಪಟ್ಟಿ ಬೇಕಿಲ್ಲ; ಅದು ಏಕೆ ನಿಲ್ಲದೆಂಬುದನ್ನು ‘ನಕಲಿಸು’ವಿನ ಉದಾಹರಣೆಯಲ್ಲಿ ಕಂಡೆವು. ಬೇಕಾಗಿರುವುದು ಪುಟವನ್ನು ಬರೆಯುವವನು ತನ್ನ ಪ್ರತಿ ಆಜ್ಞೆಯೂ ಅಕ್ಷರವೋ ಸ್ಥಾನವೋ ಎಂಬುದನ್ನು ಮೊದಲೇ ನಿರ್ಧರಿಸುವುದು. ವೈಫಲ್ಯವನ್ನು ವರದಿ ಮಾಡುವ ಸಂಶೋಧಕರು ‘ಶಾರ್ಟ್‌ಕಟ್ ನಡೆಯುತ್ತಿಲ್ಲ’ ಎಂದಷ್ಟೇ ಬರೆಯದೆ, ಒತ್ತಿದ ಸ್ಥಾನ, ಚಾಲನೆಯಲ್ಲಿದ್ದ ವಿನ್ಯಾಸ, ಸಂಯೋಜನಾ ಸ್ಥಿತಿ, ಕರ್ಸರ್ ಇದ್ದ ಜಾಗ ಎಂಬ ನಾಲ್ಕನ್ನು ನಮೂದಿಸಿದರೆ ಆ ನಿರ್ಧಾರಕ್ಕೆ ಅಗತ್ಯವಾದ ಸಾಮಗ್ರಿ ದೊರೆಯುತ್ತದೆ. ಸಂದರ್ಭವನ್ನು ದಾಖಲಿಸದೆ ರೂಪವನ್ನು ವಿವರಿಸಲಾಗದು ಎಂಬ ಕ್ಷೇತ್ರಕಾರ್ಯದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.